ಲಿವರ್ ಡಿಯಲ್ಲಿ, ಗಾಡಿ ಪಿಯಲ್ಲಿ

ಔರಾದಿನ ಒಂದು ಮದುವೆ ಮಂಟಪದ ಎದುರು ಕಳೆದ ಬೇಸಿಗೆಯಲ್ಲಿ ಒಂದು ಸ್ಪೋರ್ಟ್ಸ್ ಕಾರು ನಿಂತುಬಿಟ್ಟಿತು. ಇಂಜಿನ್ ಚಾಲೂ ಇತ್ತು. ಎಸಿ ತಣ್ಣಗಿತ್ತು. ಹಾಡು ಜೋರಾಗಿತ್ತು. ಗಾಡಿ ಮಾತ್ರ ಒಂದು ಗೇಣು ಮುಂದಕ್ಕೆ ಹೋಗಲೊಲ್ಲದು. ಸದ್ದುಂಟು, ಸರಿದಾಟವಿಲ್ಲ. ಬೀದರ್ ಜಿಲ್ಲೆಯವರಿಗೆ ಇದು ಪರಿಚಿತ ಸ್ಥಿತಿ. ಆದರೂ ಜನ ಸೇರಿದರು.

ಕಾರು ನನ್ನ ಅಕ್ಕನ ಮಗನದು. ಎರಡೇ ಬಾಗಿಲು, ಎರಡೇ ಸೀಟು. ಜರ್ಮನಿಯ ಮಾಲು. 2009ರ ಮಾಡೆಲ್. ಆಟೋಮ್ಯಾಟಿಕ್ ಗೇರು. ಹೈದರಾಬಾದಿನಲ್ಲಿ ಯಾರೋ ಬಿಲ್ಡರ್ ಓಡಿಸಿ, ಆಮೇಲೆ ಯಾರೋ ಡಾಕ್ಟರ್ ಓಡಿಸಿ, ಕೊನೆಗೆ ನಮ್ಮ ಹುಡುಗನ ಕೊರಳಿಗೆ ಬಿತ್ತು. ಹೊಸ ಸಣ್ಣ ಕಾರಿನ ದುಡ್ಡಿಗೆ ಸ್ಪೋರ್ಟ್ಸ್ ಕಾರು ಹೊಡೆದೆ ಎಂದು ಓಣಿಗೆಲ್ಲ ಪೇಢೆ ಹಂಚಿದ. ಮಾರಿದವನು ಅಂದು ಏನು ಹಂಚಿದನೋ ನಮಗೆ ತಿಳಿಯಲಿಲ್ಲ.

ನಂಬರ್ ಪ್ಲೇಟು ಇನ್ನೂ ಎಪಿ. ಹೈದರಾಬಾದು 2014ರಲ್ಲೇ ತೆಲಂಗಾಣವಾಯಿತು. ಪ್ಲೇಟಿಗೆ ಸುದ್ದಿ ಮುಟ್ಟಿಲ್ಲ. ಕಾರು ಬೀದರಿಗೆ ಬಂದು ಎರಡು ವರ್ಷವಾಗಿದೆ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ದಾಟಿದ ಗಾಡಿಗೆ ಅಲ್ಲಿನ ನಂಬರ್ ಮಾಡಿಸಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್. ಬೀದರಿಗೆ ಕೆಎ 38 ಉಂಟು, ಭಾಲ್ಕಿಗೆ ಕೆಎ 39 ಉಂಟು. ಅಳಿಯನಿಗೆ ಎರಡೂ ಬೇಡ. ತೆರಿಗೆ ಕಟ್ಟಬೇಕಾಗುತ್ತದಲ್ಲ. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ 5,000 ರೂಪಾಯಿ, ಆಮದು ಕಾರಾದರೆ 40,000. ಈ ವಿಷಯ ಎತ್ತಿದರೆ ಅವನು ಹಾಡಿನ ಸದ್ದು ಏರಿಸುತ್ತಾನೆ.

ವಾಟ್ಸಾಪಿನಲ್ಲಿ ಮಾತ್ರ ದಿನಕ್ಕೆ ಮೂರು ಹೊತ್ತು ಕಲ್ಯಾಣ ಕರ್ನಾಟಕಕ್ಕಾದ ಅನ್ಯಾಯದ ಬಗ್ಗೆ ಬರೆಯುತ್ತಾನೆ. ನಮ್ಮ ರಸ್ತೆಗೆ ಸರ್ಕಾರ ದುಡ್ಡು ಕೊಡುತ್ತಿಲ್ಲವಂತೆ. ಇವನೂ ಕೊಟ್ಟಿಲ್ಲ.

ಇರಲಿ. ಮದುವೆಗೆ ಬರೋಣ.

ಮದುಮಗ ಇವನ ಗೆಳೆಯ. ಬರಾತಿಗೆ ಕುದುರೆ ಬೇಡ, ಸ್ಪೋರ್ಟ್ಸ್ ಕಾರೇ ಬೇಕು ಎಂದು ಹಟ ಹಿಡಿದ. ಕುದುರೆಯವನು ಐದು ಸಾವಿರ ಕೇಳಿದ್ದನಂತೆ. ಕುದುರೆ ನಡೆಯುತ್ತಿತ್ತು, ಆ ಮಾತು ಬೇರೆ. ಕಾರಿಗೆ ಹೂವು ಸುತ್ತಿದರು. ಮದುಮಗ ಏರಿದ. ಬ್ಯಾಂಡಿನವರು ಶುರು ಹಚ್ಚಿದರು. ಅಳಿಯ ಬ್ರೇಕ್ ಒತ್ತಿ ಲಿವರ್ ಅನ್ನು ಪಿಯಿಂದ ಡಿಗೆ ಎಳೆದ. ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಬಂತು. ಅಷ್ಟು ಸಲೀಸಾಗಿ ಅದು ಎಂದೂ ಬಂದಿರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಆಕ್ಸಿಲರೇಟರ್ ಒತ್ತಿದ. ಭರ್ರ್. ಗಾಡಿ ಅಲ್ಲೇ. ಇನ್ನೂ ಒತ್ತಿದ. ಭರ್ರ್ರ್. ಗಾಡಿ ಅಲ್ಲೇ. ಜನ ಸೀಟಿ ಹೊಡೆದರು. ಸ್ಪೋರ್ಟ್ಸ್ ಕಾರು ಹೊರಡುವ ಮುಂಚೆ ಹೀಗೇ ಮಾಡುತ್ತದೆ ಎಂದುಕೊಂಡರು, ಪಾಪ.

ಒಂದು ಮಾತು ಗಮನಿಸಿ. ಲಿವರ್ ಪಕ್ಕದ ಅಕ್ಷರ ಡಿ ತೋರಿಸುತ್ತಿತ್ತು. ಮೀಟರಿನೊಳಗಿನ ಅಕ್ಷರ ಪಿ ತೋರಿಸುತ್ತಿತ್ತು. ಲಿವರ್ ಪಕ್ಕದ್ದು ಲಿವರ್ ಎಲ್ಲಿದೆ ಎಂದು ಹೇಳುತ್ತದೆ. ಮೀಟರಿನದು ಗೇರ್ ಬಾಕ್ಸ್ ಎಲ್ಲಿದೆ ಎಂದು ಹೇಳುತ್ತದೆ. ಮೀಟರು ನಿಜ ಹೇಳುತ್ತಿತ್ತು. ಅಳಿಯ ಲಿವರನ್ನು ನಂಬಿದ. ಕೈ ಅದರ ಮೇಲಿತ್ತಲ್ಲ. ಅಧಿಕಾರದಲ್ಲಿರುವವರು ಯಾಕೆ ಯಾವಾಗಲೂ ಸಂತೋಷವಾಗಿರುತ್ತಾರೆ ಎಂಬುದು ನನಗೆ ಅಂದು ಔರಾದಿನಲ್ಲಿ ಅರ್ಥವಾಯಿತು.

ಆಮೇಲೆ ತಜ್ಞರು ಬಂದರು. ಕೆಟ್ಟ ಗಾಡಿಯ ಸುತ್ತ ಹತ್ತು ನಿಮಿಷದಲ್ಲಿ ಎಷ್ಟು ತಜ್ಞರು ಹುಟ್ಟುತ್ತಾರೋ ಅಷ್ಟು ತಜ್ಞರು ವಿಶ್ವವಿದ್ಯಾಲಯದಲ್ಲಿ ಹತ್ತು ವರ್ಷಕ್ಕೂ ಹುಟ್ಟುವುದಿಲ್ಲ. ಒಬ್ಬ ‘ಪೆಟ್ರೋಲ್‌ನಾಗ ನೀರು ಸೇರ್ಯಾದ’ ಅಂದ. ಇಂಜಿನ್ ಓಡುತ್ತಿತ್ತು, ಆದರೂ ಅಂದ. ಇನ್ನೊಬ್ಬ ದೃಷ್ಟಿ ಆಗಿದೆ ಎಂದು ನಿಂಬೆಹಣ್ಣು ತಂದ. ಹೇಳಬೇಕೆಂದರೆ ಅಂದಿನ ಸಲಹೆಗಳಲ್ಲಿ ಕಡಿಮೆ ಖರ್ಚಿನದು ಅದೇ. ಒಬ್ಬ ರಾಜಕೀಯದ ಹುಡುಗ ‘ಜೆಸಿಬಿ ಕರಸ್ರಿ’ ಅಂದ. ನಮ್ಮಲ್ಲಿ ಈಗ ಎಲ್ಲ ರೋಗಕ್ಕೂ ಜೆಸಿಬಿಯೇ ಮದ್ದು. ಹಾರ ಹಾಕಲೂ ಅದೇ, ಕೆಡವಲೂ ಅದೇ.

ಕೊನೆಗೆ ಟ್ರ್ಯಾಕ್ಟರ್ ಬಂತು. ಹಗ್ಗ ಕಟ್ಟಿ ಎಳೆದರು. ಗೇರ್ ಬಾಕ್ಸ್ ಪಿಯಲ್ಲಿದ್ದರೆ ಒಳಗೆ ಒಂದು ಉಕ್ಕಿನ ಕೊಕ್ಕೆ ಹಲ್ಲಿನ ಚಕ್ರಕ್ಕೆ ಸಿಕ್ಕಿಕೊಂಡಿರುತ್ತದೆ. ಹಿಂದಿನ ಗಾಲಿಗಳು ತಿರುಗುವುದೇ ಇಲ್ಲ. ಎಳೆದರೆ ಟಯರು ಸವೆಯುತ್ತದೆ, ಇಲ್ಲ ಕೊಕ್ಕೆ ಮುರಿಯುತ್ತದೆ. ಹತ್ತು ಅಡಿ ದೂರ ರಸ್ತೆ ಮೇಲೆ ಎರಡು ಕಪ್ಪು ಗೆರೆ ಬಿದ್ದವು. ನಾನು ಕೂಗಿ ನಿಲ್ಲಿಸಿದೆ. ಮದುಮಗ ಇಳಿದು ಆಟೋ ಹತ್ತಿದ. ಆಟೋ ಹೊರಟಿತು. ಅಷ್ಟೊತ್ತಿಗೆ ಬೀದರ್ ಕಡೆಯ ಆಕಾಶದಲ್ಲಿ ವಾಯುಪಡೆಯ ತರಬೇತಿ ಜೆಟ್ಟೊಂದು ಗುಡುಗುತ್ತ ಹೋಯಿತು. ನಮ್ಮ ಜಿಲ್ಲೆಯಲ್ಲಿ ವೇಗ ಇರುವುದು ಮೇಲೆ ಮಾತ್ರ.

ಮರುದಿನ ಭಾಲ್ಕಿಯಿಂದ ಒಬ್ಬ ಮೆಕ್ಯಾನಿಕ್ ಬಂದ. ಅವನ ಗ್ಯಾರೇಜಿನ ಬೋರ್ಡಿನ ಫೋಟೊ ಮೊದಲೇ ವಾಟ್ಸಾಪಿನಲ್ಲಿ ಬಂದಿತ್ತು. ‘ಎಲ್ಲಾ ಫಾರಿನ್ ಕಾರು, ಆಟೋಮ್ಯಾಟಿಕ್ ಸ್ಪೆಷಲಿಸ್ಟ್.’ ಬಂದವನು ಬಾನೆಟ್ ತೆರೆದ. ನೋಡಿದ. ಮುಚ್ಚಿದ. ‘ಗೇರ್ ಬಾಕ್ಸ್ ಹೋಗ್ಯಾದ್ರಿ.’ ಕೆಳಗೆ ಬಗ್ಗಿ ನೋಡಲಿಲ್ಲ. ಬಗ್ಗಿದರೆ ಇಸ್ತ್ರಿ ಕೆಡುತ್ತಿತ್ತು.

ಇದೇ ಭಾಲ್ಕಿಯಲ್ಲಿ ನಿಜಾಮರ ಕಾಲದಲ್ಲಿ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಬೋರ್ಡಿನಲ್ಲಿ ಇಲ್ಲದ್ದು ಒಳಗೆ ಇತ್ತು. ಈಗ ಬೋರ್ಡಿನಲ್ಲಿ ಇರುವುದು ಒಳಗೆ ಇಲ್ಲ. ಪ್ರಗತಿ ಅಂದರೆ ಇದೇ ಇರಬೇಕು.

ಅಳಿಯ ಹೈದರಾಬಾದಿನ ಅಧಿಕೃತ ವರ್ಕ್‌ಶಾಪಿಗೆ ಫೋನು ಹಚ್ಚಿದ. ಅಲ್ಲಿಂದ ಟೈ ಕಟ್ಟಿದ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡಿದು ಬಂದ. ವೈರು ಚುಚ್ಚಿ ಕಾರಿನ ಜೊತೆ ಮಾತಾಡಿದ. ‘ಸರ್, ಕಂಪ್ಯೂಟರ್ ಪ್ರಕಾರ ಗೇರ್ ಬಾಕ್ಸ್ ಪಿಯಲ್ಲಿದೆ.’ ಅದನ್ನು ಮೀಟರು ಪುಕ್ಕಟೆ ಹೇಳಿತ್ತು. ತಪಾಸಣೆ ಶುಲ್ಕ 3,000, ಮೇಲೆ ಶೇ 18 ಜಿಎಸ್‌ಟಿ. ಒಟ್ಟು 3,540 ರೂಪಾಯಿ. ಅಳಿಯ ತುಟಿ ಪಿಟಕ್ಕೆನ್ನದೆ ಫೋನಿನಲ್ಲೇ ಕಟ್ಟಿದ. ಥ್ಯಾಂಕ್ಸ್ ಬೇರೆ ಹೇಳಿದ. ಸಂಜೆಗೆ ಎಸ್ಟಿಮೇಟ್ ಬಂತು. ಗೇರ್ ಬಾಕ್ಸ್ ಬಿಚ್ಚುವುದು, ಎಣ್ಣೆ, ಮೌಂಟಿಂಗ್, ಸಾಫ್ಟ್‌ವೇರ್, ಇನ್ನೂ ಏನೇನೋ. ಒಂದು ಲಕ್ಷ ಎಂಬತ್ನಾಲ್ಕು ಸಾವಿರ. ‘ಬಿಚ್ಚಿದ ಮೇಲೆ ಹೆಚ್ಚಾಗಬಹುದು.’ ಕಡಿಮೆಯಾಗಬಹುದು ಎಂದು ಬರೆದ ಎಸ್ಟಿಮೇಟನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ.

ಆಗ ನಾನು ಉಸ್ತಾದರ ಹೆಸರು ತೆಗೆದೆ.

ಉಸ್ತಾದರು ಬೀದರಿನ ಹಳೇ ಊರಿನವರು. ಚೌಬಾರದ ಹತ್ತಿರದ ಒಂದು ಸಂದಿಯಲ್ಲಿ ಆಟೋ ರಿಪೇರಿ ಮಾಡುತ್ತಾರೆ. ಬೋರ್ಡು ಇಲ್ಲ. ಅಳಿಯನಿಗೆ ಅವಮಾನವಾಯಿತು. ‘ಮಾಮಾ, ಆಟೋ ಮಿಸ್ತ್ರಿ ಕೈಗೆ ಜರ್ಮನ್ ಗಾಡಿ ಕೊಡ್ತೀರಾ?’ ಆ ಜರ್ಮನ್ ಗಾಡಿ ಎರಡು ದಿನದಿಂದ ಕದಲಿಲ್ಲ, ಅದರ ಕೆಳಗೆ ನಾಯಿ ಮಲಗುತ್ತಿದೆ ಎಂದೆ. ಉಸ್ತಾದರು ಬಸ್ಸು ಹಿಡಿದು ಔರಾದಿಗೆ ಬಂದರು. ಬಸ್ಸು ಸರಿಯಾದ ಹೊತ್ತಿಗೆ ಬಂತು. ಯಾರೂ ಸೆಲ್ಫಿ ತೆಗೆದುಕೊಳ್ಳಲಿಲ್ಲ.

ನಾಲ್ಕೂ ಗಾಲಿಗೆ ಕಲ್ಲು ಇಡಿಸಿದರು. ಹ್ಯಾಂಡ್‌ಬ್ರೇಕ್ ಎಳೆಸಿದರು. ಗೋಣಿಚೀಲ ಹಾಸಿ ಕೆಳಗೆ ಸರಿದರು. ಒಬ್ಬರಿಗೆ ‘ಲಿವರ್ ಆಡಸ್ರಿ’ ಅಂದರು. ಎರಡು ನಿಮಿಷ. ಹೊರಗೆ ಬಂದು ಅಂಗೈ ಬಿಡಿಸಿ ತೋರಿಸಿದರು. ಅಂಗೈಯಲ್ಲಿ ಕಂದು ಪುಡಿ. ಚಹಾದಲ್ಲಿ ಅದ್ದಿ ಮರೆತ ಬಿಸ್ಕತ್ತಿನ ಹಾಗೆ.

‘ಸಾಬ್, ಗೇರ್ ಬಾಕ್ಸ್ ಜಿಂದಾ ಅದ. ವೈರಿನ ಬುಷ್ ಸತ್ತದ.’

ಇಷ್ಟೇ ಸಂಗತಿ. ಲಿವರಿಗೂ ಗೇರ್ ಬಾಕ್ಸಿಗೂ ನಡುವೆ ಒಂದು ಕೇಬಲ್. ಕೊಳವೆಯೊಳಗೆ ಉಕ್ಕಿನ ಸರಿಗೆ, ಹಿಂದೆ ಮುಂದೆ ಜಾರುತ್ತದೆ. ಅದರ ತುದಿಯಲ್ಲಿ ಬೆರಳುಗುರಿನಷ್ಟು ಪ್ಲಾಸ್ಟಿಕ್ ಬುಷ್. ಅದು ಗೇರ್ ಬಾಕ್ಸಿನ ತೋಳಿನ ಗುಂಡಿಗೆ ಕಚ್ಚಿಕೊಂಡಿರಬೇಕು. ಬಿಸಿಗೆ, ತೇವಕ್ಕೆ, ವಯಸ್ಸಿಗೆ ಪುಡಿಯಾಗುತ್ತದೆ. ಪುಡಿಯಾದ ಮೇಲೆ ಲಿವರ್ ಎಷ್ಟು ಬೇಕಾದರೂ ಆಡಿಸಿ. ಗೇರ್ ಬಾಕ್ಸಿಗೆ ಗೊತ್ತೇ ಆಗುವುದಿಲ್ಲ. ಎರಡು ಲಕ್ಷದ ಗೇರ್ ಬಾಕ್ಸು ಎರಡು ರೂಪಾಯಿಯ ಪ್ಲಾಸ್ಟಿಕ್ಕಿಗಾಗಿ ಕಾದು ಕೂತಿತ್ತು.

ಇದು ಬೀದರಿನ ಬಿಸಿಲಿಗೆ ಮಾತ್ರ ಬರುವ ರೋಗವೂ ಅಲ್ಲ. ಅಮೆರಿಕದಲ್ಲಿ ಫೋರ್ಡ್ ಕಂಪನಿ 2022ರಲ್ಲಿ ಇದೇ ಗೇರ್ ಕೇಬಲ್ ಬುಷ್‌ನ ದೆಸೆಯಿಂದ ಸುಮಾರು 29 ಲಕ್ಷ ಗಾಡಿಗಳನ್ನು ವಾಪಸು ಕರೆಯಿತು. ಅಲ್ಲಿನ ಭಯ ನಮ್ಮದರ ತಿರುವುಮುರುವು. ಚಾಲಕ ಪಿ ಹಾಕಿ ಇಳಿಯುತ್ತಾನೆ, ಗೇರ್ ಬಾಕ್ಸ್ ಪಿಗೆ ಹೋಗಿರುವುದಿಲ್ಲ, ಗಾಡಿ ತನ್ನಷ್ಟಕ್ಕೆ ಉರುಳುತ್ತದೆ.

ಹೊಸ ಬುಷ್ ಹಾಕಿ ಮುಗಿಸೋಣ ಎಂದರೆ ಅದೂ ಆಗಲಿಲ್ಲ. ಕೇಬಲ್ಲಿನ ಮೇಲ್ಪದರ ಒಂದು ಮೊಳದಷ್ಟು ಸುಟ್ಟು ಕರಕಲಾಗಿತ್ತು. ಸೈಲೆನ್ಸರ್ ಕೊಳವೆಯ ಬಿಸಿ ತಾಗದಿರಲಿ ಎಂದು ಅಲ್ಲೊಂದು ತಗಡಿನ ಗುರಾಣಿ ಇರಬೇಕು. ಇರಲಿಲ್ಲ. ಬೋಲ್ಟು ಸಡಿಲಾಗಿ ಅದು ಕಟಕಟ ಸದ್ದು ಮಾಡಿರಬೇಕು, ಹಿಂದಿನ ಯಾರೋ ಮೆಕ್ಯಾನಿಕ್ ಕಿತ್ತೆಸೆದಿರಬೇಕು ಎಂದರು ಉಸ್ತಾದರು. ಸದ್ದು ನಿಂತಿತು. ಮಾಲೀಕ ಖುಷಿಯಾದ. ಕೇಬಲ್ ಬೇಯತೊಡಗಿತು. ಸದ್ದು ಮಾಡಿದವನನ್ನು ಎತ್ತಂಗಡಿ ಮಾಡಿದರೆ ಸಮಸ್ಯೆ ಮುಗಿಯಿತು ಎಂದು ತಿಳಿಯುವುದು ಗ್ಯಾರೇಜಿನವರು ಮಾತ್ರವೇ? ಯಾವುದೇ ಇಲಾಖೆಯ ವರ್ಗಾವಣೆ ಪಟ್ಟಿ ನೋಡಿ.

ಉಸ್ತಾದರು ಗೇರ್ ಬಾಕ್ಸಿನ ತೋಳನ್ನು ಕೈಯಿಂದಲೇ ತಳ್ಳಿ ಎನ್‌ಗೆ ತಂದರು. ಗಾಲಿ ತಿರುಗಿದವು. ತೊಗರಿ, ಸೋಯಾ ಹೊರುವ ಲಾರಿಯೊಂದಕ್ಕೆ ಹಲಗೆ ಇಟ್ಟು ಕಾರನ್ನು ಏರಿಸಿದೆವು. ಜರ್ಮನ್ ಸ್ಪೋರ್ಟ್ಸ್ ಕಾರು ಮೈಮೇಲೆ ತೊಗರಿ ಹೊಟ್ಟು ಉದುರಿಸಿಕೊಂಡು ಬೀದರಿಗೆ ಬಂತು. ಅಂದು ಅದು ಓಡಿದ್ದು ತನ್ನ ಇಡೀ ಬೀದರ್ ವಾಸದಲ್ಲೇ ಅತಿ ದೂರ.

ಕೇಬಲ್ ಹುಡುಕಾಟ ಶುರುವಾಯಿತು. ಅಧಿಕೃತ ವರ್ಕ್‌ಶಾಪು ಬುಷ್ ಬಿಡಿಯಾಗಿ ಮಾರುವುದಿಲ್ಲ ಅಂದಿತು. ಪೂರ್ತಿ ಕೇಬಲ್ ಬೇಕೆಂದರೆ ಹೊರದೇಶದಿಂದ ಬರಬೇಕು. ಮುಂಗಡ ಕಟ್ಟಿ. ಎಷ್ಟು ದಿನ? ‘ಹೇಳಕ್ಕಾಗಲ್ಲ ಸರ್.’ ನಾವು ಹಾಕಿಕೊಳ್ಳುತ್ತೇವೆ, ಸಾಮಾನು ಮಾತ್ರ ಕೊಡಿ ಎಂದೆವು. ಹೊರಗಿನವರಿಗೆ ಕೊಡುವುದಿಲ್ಲವಂತೆ.

ಇಲ್ಲಿ ನನಗೆ ಒಂದು ಹಳೆಯ ಸುದ್ದಿ ನೆನಪಾಯಿತು. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತ್ತು. ತಪ್ಪೇನೆಂದರೆ, ಬಿಡಿಭಾಗಗಳನ್ನು ಹೊರಗಿನ ಮಾರುಕಟ್ಟೆಗೆ ಬಿಡದೆ, ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಬಿಗಿಹಿಡಿದಿದ್ದು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ‘ರಿಪೇರಿಯ ಹಕ್ಕು’ ಎಂದು ಒಂದು ಪೋರ್ಟಲ್ಲನ್ನೂ ತೆರೆಯಿತು. ಆದೇಶ ಇದೆ. ದಂಡ ಇದೆ. ಹಕ್ಕು ಇದೆ. ಪೋರ್ಟಲ್ ಇದೆ. ಬುಷ್ ಇಲ್ಲ.

ಸಿಕಂದರಾಬಾದಿನ ರಾಣಿಗಂಜ್ ಅಲೆದಾಯಿತು. ಬೆಂಗಳೂರಿನ ಜೆ.ಸಿ. ರಸ್ತೆಗೆ ಫೋನು ಮಾಡಾಯಿತು. ಬೀದರಿನಲ್ಲಿ ಕೇಳುವ ಪ್ರಶ್ನೆಯೇ ಇಲ್ಲ. ಬೆಳ್ಳಿಯ ಸರಿಗೆಯನ್ನು ಕೂದಲೆಳೆಯಷ್ಟು ಸಣ್ಣಗೆ ಎಳೆದು ಲೋಹದ ಗೀರಿನೊಳಗೆ ಕೂರಿಸಿ, ಕೋಟೆಯ ಮಣ್ಣು ಹಚ್ಚಿ ಕಪ್ಪು ಮಾಡುವ ಊರು ಇದು. 2006ರಲ್ಲಿ ಬಿದರಿ ಕಲೆಗೆ ಭೌಗೋಳಿಕ ಸೂಚಕ ಸಿಕ್ಕಿತು. 2023ರಲ್ಲಿ ಬಿದರಿ ಕಲಾವಿದರೊಬ್ಬರಿಗೆ ಪದ್ಮಶ್ರೀ ಬಂತು. ಸರಿಗೆಯ ಕೆಲಸದಲ್ಲಿ ಜಗತ್ತಿಗೆ ಹೆಸರಾದ ಊರಿನಲ್ಲಿ ಎರಡು ಮೀಟರು ಉಕ್ಕಿನ ಸರಿಗೆ ಸಿಗಲಿಲ್ಲ. ಬಂದ ಗಣ್ಯರ ಕೈಗೆ ಬಿದರಿ ಹೂದಾನಿ ಕೊಟ್ಟು ಕಳಿಸುತ್ತೇವೆ. ಅವರು ಅದನ್ನು ತೆಗೆದುಕೊಂಡು ಹೋಗುತ್ತಾರೆ. ಬಿಟ್ಟು ಹೋಗುವುದು ಭಾಷಣ.

ಕೊನೆಗೆ ನಾವೇ ಹೊರದೇಶದಿಂದ ತರಿಸಿದೆವು. ಕೇಬಲ್ ಬರಲು ಆರು ವಾರ ಹಿಡಿಯಿತು. ಹದಿನೆಂಟು ಸಾವಿರ, ಸುಂಕ ಸೇರಿ. ಆರು ವಾರ ಕಾರು ಉಸ್ತಾದರ ಸಂದಿಯಲ್ಲಿ ಟಾರ್ಪಾಲಿನ್ ಹೊದ್ದು ಕೂತಿತ್ತು. ಓಣಿಯ ಮೇಕೆಗಳು ಅದರ ಮೇಲೆ ಹತ್ತಿ ಇಳಿದವು. ದಾರಿಹೋಕರು ‘ಯಾರದ್ರಿ?’ ಎಂದರೆ ನಾನು ಗೊತ್ತಿಲ್ಲ ಅನ್ನುತ್ತಿದ್ದೆ.

ಆ ಆರು ವಾರ ನನಗೆ ಯೋಚಿಸಲು ಬಿಡುವು ಸಿಕ್ಕಿತು. ಅದೇ ತಪ್ಪಾಯಿತು.

ಬೆಂಗಳೂರಿನಿಂದ ಬೀದರಿಗೆ ಸುಮಾರು 700 ಕಿಲೋಮೀಟರ್. ಅಷ್ಟುದ್ದದ ಕೇಬಲ್. ಆ ತುದಿಯಲ್ಲಿ ಲಿವರ್ ಎಳೆಯುತ್ತಾರೆ. ಎಳೆಯುವುದಿಲ್ಲ ಎಂದು ನಾನು ಹೇಳಲಾರೆ. ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ 2013ರಲ್ಲಿ ನಮ್ಮ ಭಾಗಕ್ಕೆ ವಿಶೇಷ ಸ್ಥಾನದ 371(ಜೆ) ಜಾರಿಗೆ ಬಂತು. ಲಿವರ್ ಡಿಗೆ ಬಂತು. ಪಟಾಕಿ ಹೊಡೆದೆವು. 2019ರ ಸೆಪ್ಟೆಂಬರ್ 17ಕ್ಕೆ ಹೈದರಾಬಾದ್ ಕರ್ನಾಟಕ ಎಂಬ ಹೆಸರು ತೆಗೆದು ಕಲ್ಯಾಣ ಕರ್ನಾಟಕ ಎಂದರು. ಅದು ಲಿವರಿನ ಹಿಡಿಗೆ ಹೊಸ ತೊಗಲು ಹೊದಿಸಿದ ಹಾಗೆ. ಹಿಡಿಯಲು ಚೆಂದ. ಮತ್ತೆ ಪಟಾಕಿ. ಔರಾದಿನ ಯಾವುದೋ ಊರಿನ ಶಾಲೆಯಲ್ಲಿ ಮಾಸ್ತರರಿಲ್ಲ, ಆಸ್ಪತ್ರೆಯಲ್ಲಿ ಡಾಕ್ಟರಿಲ್ಲ ಎಂದು ಮೀಟರು ಪಿ ತೋರಿಸುತ್ತಲೇ ಇದೆ. ಮೀಟರು ಕೆಟ್ಟಿದೆ ಎನ್ನುತ್ತಾರೆ.

ಕಲಬುರಗಿ-ಬೀದರ್ ರೈಲು ಮಾರ್ಗ 1990ರ ದಶಕದ ಕೊನೆಯಲ್ಲಿ ಮಂಜೂರಾಯಿತು. ಉದ್ದ 110 ಕಿಲೋಮೀಟರ್. ಉದ್ಘಾಟನೆಯಾಗಿದ್ದು 2017ರ ಅಕ್ಟೋಬರ್ 29ಕ್ಕೆ. ಸುಮಾರು ಇಪ್ಪತ್ತು ವರ್ಷ. ಲೆಕ್ಕ ಹಾಕಿದರೆ ದಿನಕ್ಕೆ ಹದಿನೈದು ಮೀಟರ್. ಬಸವನಹುಳುವಿಗೆ ಹೇಳಬೇಡಿ, ನಗುತ್ತದೆ. ವಿಮಾನದ ಕತೆ ಇನ್ನೂ ಚೆಂದ. 2020ರ ಫೆಬ್ರುವರಿಯಲ್ಲಿ ಬೆಂಗಳೂರಿಗೆ ಹಾರಿತು. ನಿಂತಿತು. 2022ರಲ್ಲಿ ಬೇರೆ ಕಂಪನಿಯದು ಹಾರಿತು. ನಿಂತಿತು. 2025ರಲ್ಲಿ ಮತ್ತೆ ಹಾರಿತು. ಪಿ, ಡಿ, ಪಿ, ಡಿ, ಪಿ, ಡಿ. ಪ್ರತಿ ಡಿಗೂ ಒಂದು ಉದ್ಘಾಟನೆ, ಒಂದು ಹಾರ. ಪ್ರತಿ ಪಿಗೆ ಯಾರೂ ಬರಲಿಲ್ಲ.

ತಪ್ಪು ಬೆಂಗಳೂರಿನದೇ ಎಂದು ಕೈ ತೊಳೆದುಕೊಳ್ಳುವ ಮುಂಚೆ ನನ್ನ ಅಳಿಯನ ನಂಬರ್ ಪ್ಲೇಟನ್ನೂ ಒಮ್ಮೆ ನೋಡಿ. ಕೇಬಲ್ಲಿಗೆ ಎರಡು ತುದಿ.

ಆರು ವಾರದ ಮೇಲೆ ಕೇಬಲ್ ಬಂತು. ಕೆಲಸ ನಾಲ್ಕು ಗಂಟೆ ಹಿಡಿಯಿತು. ಅದರಲ್ಲಿ ಒಂದು ಗಂಟೆ ಗಾಡಿ ಎತ್ತುವುದಕ್ಕೇ ಹೋಯಿತು. ಸ್ಪೋರ್ಟ್ಸ್ ಕಾರು ನೆಲಕ್ಕೆ ಅಂಟಿಕೊಂಡಿರುತ್ತದೆ, ಜಾಕಿ ಕೆಳಗೆ ಹೋಗುವುದಿಲ್ಲ. ಮೊದಲು ಗಾಲಿಗಳ ಕೆಳಗೆ ಹಲಗೆ ಕೊಟ್ಟು ಏರಿಸಿ, ಆಮೇಲೆ ಜಾಕಿ, ಆಮೇಲೆ ಮರದ ದಿಮ್ಮಿ. ಒಳಗೆ ಲಿವರ್ ಸುತ್ತಲಿನ ಮುಚ್ಚಳ ಬಿಚ್ಚಿದಾಗ ಎರಡು ನಾಣ್ಯ, ಒಂದು ಹೇರ್‌ಪಿನ್, ಹೊರ ವರ್ತುಲ ರಸ್ತೆಯ ಒಂದು ಟೋಲ್ ಚೀಟಿ ಸಿಕ್ಕವು. ಹೇರ್‌ಪಿನ್ ಬಿಲ್ಡರನದೋ ಡಾಕ್ಟರರದೋ ಎಂದು ಓಣಿಯಲ್ಲಿ ಚರ್ಚೆ ನಡೆಯಿತು.

ಹಳೆ ಕೇಬಲ್ ಯಾವ ದಾರಿಯಲ್ಲಿ ಹೋಗಿತ್ತೋ ಅದೇ ದಾರಿಯಲ್ಲಿ ಹೊಸದು ಹೋಗಬೇಕು. ಎಲ್ಲೂ ಮಡಿಕೆ ಬೀಳಬಾರದು, ಸೈಲೆನ್ಸರಿಗೆ ತಾಗಬಾರದು. ಉಸ್ತಾದರು ಲಿವರನ್ನು ಎನ್‌ನಲ್ಲಿ ಇಡಿಸಿದರು. ಕೆಳಗೆ ಗೇರ್ ಬಾಕ್ಸಿನ ತೋಳನ್ನೂ ಎನ್‌ಗೆ ತಂದರು. ಎರಡೂ ಒಂದೇ ಅಕ್ಷರದಲ್ಲಿದ್ದಾಗ ಮಾತ್ರ ಬುಷ್ ಕಚ್ಚಿಸಿ, ಹೊಂದಿಸಿ, ಬಿಗಿದರು. ಆಮೇಲೆ ಪರೀಕ್ಷೆ. ಪಿ ಮತ್ತು ಎನ್‌ನಲ್ಲಿ ಮಾತ್ರ ಇಂಜಿನ್ ಸ್ಟಾರ್ಟ್ ಆಗಬೇಕು. ಆರ್‌ನಲ್ಲಿ ಹಿಂದಿನ ದೀಪ ಉರಿಯಬೇಕು. ಸಂದಿಯ ಇಳಿಜಾರಿನಲ್ಲಿ ಪಿ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಗಾಲಿಯಿಂದ ಒಂದು ಗೇಣು ದೂರ ಕಲ್ಲಿಟ್ಟು ಕಾದು ನೋಡಿದರು. ಗಾಡಿ ಉರುಳಲಿಲ್ಲ. ತಗಡಿನ ಗುರಾಣಿ ಎಲ್ಲೂ ಸಿಗಲಿಲ್ಲವಲ್ಲ, ಎಣ್ಣೆ ಡಬ್ಬಿ ಕತ್ತರಿಸಿ, ಮಡಚಿ, ಬೋಲ್ಟು ಹಾಕಿ ಕೂರಿಸಿದರು. ಜರ್ಮನಿಯವರು ನೋಡಿದರೆ ಅಳುತ್ತಾರೆ. ಕೇಬಲ್ ಬೇಯುವುದಿಲ್ಲ.

ಅಳಿಯ ಲಿವರ್ ಎಳೆದ. ಬಿಗಿಯಾಗಿ, ಟಕ್ ಎಂದು ಬಂತು. ಮೀಟರಿನಲ್ಲೂ ಡಿ. ಗಾಡಿ ಹೊರಟಿತು. ಮೇಕೆಗಳು ಓಡಿದವು.

ಉಸ್ತಾದರು ಎರಡೂವರೆ ಸಾವಿರ ಕೇಳಿದರು. ಔರಾದಿಗೆ ಬಂದು ಹೋಗಿದ್ದು, ಆರು ವಾರ ಜಾಗ ಕೊಟ್ಟಿದ್ದು, ನಾಲ್ಕು ಗಂಟೆ ಗಾಡಿಯ ಕೆಳಗೆ ಮಲಗಿದ್ದು ಎಲ್ಲ ಸೇರಿ. ‘ಆಟೋ ಮಿಸ್ತ್ರಿಗೆ ಅಷ್ಟ್ಯಾಕ್ರಿ?’ ಎಂದ ನಮ್ಮ ಹುಡುಗ. ಲ್ಯಾಪ್‌ಟಾಪಿನವನಿಗೆ 3,540 ಕೊಟ್ಟು ಥ್ಯಾಂಕ್ಸ್ ಹೇಳಿದ್ದ ಬಾಯಿ ಅದು. ಅರ್ಧ ಗಂಟೆ ಚೌಕಾಶಿ ಮಾಡಿ 1,700 ಕೈಗಿಟ್ಟ. ಉಳಿದದ್ದು ಆಮೇಲೆ ಅಂದ.

ಈಗ ಕಾರು ಮಾರಾಟಕ್ಕಿದೆ. ಜಾಹೀರಾತು ನನಗೂ ಬಂತು. ‘ಒಬ್ಬನೇ ಮಾಲೀಕ. ಅಧಿಕೃತ ವರ್ಕ್‌ಶಾಪಿನಲ್ಲೇ ಎಲ್ಲ ಸರ್ವಿಸ್. ಹೊಸ ಗೇರ್ ಕೇಬಲ್.’ ಮೂರರಲ್ಲಿ ಕೊನೆಯದು ನಿಜ. ಉಸ್ತಾದರ ಎಂಟುನೂರು ಇನ್ನೂ ಬಾಕಿ ಇದೆ.